ಮ್ಯೂನಿಕ್‌ನಲ್ಲಿ ಎಂಜಿನ್ ನಿಂತರೆ ಚೆಂಗಲ್ಪಟ್ಟಿನಲ್ಲಿ ಏನಾಗುತ್ತದೆ?

ಜನವರಿ 27ರಂದು ದೆಹಲಿಯಲ್ಲಿ ಭಾರತ ಮತ್ತು ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತು ಎಂಬ ಸುದ್ದಿ ಬಂದ ಸಂಜೆಯೇ ಶಿವಮೊಗ್ಗದಿಂದ ಭಾವನ ಫೋನು ಬಂತು. ಅಡಿಕೆ ಮಂಡಿ ನಡೆಸುವವನು. ರೇಟು ಏರುವುದು, ಇಳಿಯುವುದು ಎಂದರೆ ಅವನ ಕಿವಿ ತಾನಾಗಿ ನೆಟ್ಟಗಾಗುತ್ತದೆ. ‘ಜರ್ಮನಿ ಕಾರಿನ ರೇಟು ಇಳಿಯುತ್ತಂತಲ್ಲ ಭಾವ, ತಡೆಯೋದಾ, ತಗೊಳ್ಳೋದಾ?’ ಎಂದ. ಅವನ ಕಣ್ಣಿರುವುದು ಬಿಎಂಡಬ್ಲ್ಯು 3 ಸೀರೀಸ್ ಮೇಲೆ, ಅದೂ ಐದಾರು ವರ್ಷಗಳಿಂದ. ‘ನೀನು ಕೇಳುತ್ತಿರುವ ಕಾರು ಜರ್ಮನಿಯಿಂದ ಬರುವುದೇ ಇಲ್ಲ, ನಾನು ದಿನಾ ಅದರ ಕಾರ್ಖಾನೆಯ ದಾರಿಯಲ್ಲೇ ಹೋಗುತ್ತೇನೆ’ ಎಂದೆ. ಅವನು ನಂಬಲಿಲ್ಲ.

ನಂಬದೇ ಇದ್ದದ್ದರಲ್ಲಿ ತಪ್ಪೇನಿಲ್ಲ. ಒಪ್ಪಂದದ ಸುದ್ದಿ ಓದಿದ ಬಹಳ ಜನ ಹಾಗೆಯೇ ಅಂದುಕೊಂಡಿದ್ದಾರೆ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಕಾರಿನ ಮೇಲೆ ಈಗ ಶೇ 110ರವರೆಗೆ ಆಮದು ಸುಂಕವಿದೆ. ಅದು ಹಂತ ಹಂತವಾಗಿ ಶೇ 10ರವರೆಗೆ ಇಳಿಯಲಿದೆ, ವರ್ಷಕ್ಕೆ 2.5 ಲಕ್ಷ ಕಾರುಗಳ ಮಿತಿಯೊಳಗೆ ಎಂಬುದು ಘೋಷಣೆಯ ಸಾರ. ಸಹಿ, ಎರಡೂ ಕಡೆಯ ಅನುಮೋದನೆ, ಜಾರಿ ಇವೆಲ್ಲ ಅದರ ಮುಂದಿನ ಮಾತು. ಆದರೆ ಭಾರತದಲ್ಲಿ ಮಾರಾಟವಾಗುವ ಜರ್ಮನ್ ಐಷಾರಾಮಿ ಕಾರುಗಳಲ್ಲಿ ಹೆಚ್ಚಿನವು ಇಲ್ಲೇ ಜೋಡಣೆಯಾಗುವಂಥವು. ಮರ್ಸಿಡಿಸ್ ಪುಣೆಯ ಚಾಕಣದಲ್ಲಿ, ಔಡಿ ಔರಂಗಾಬಾದಿನಲ್ಲಿ, ಬಿಎಂಡಬ್ಲ್ಯು ನಮ್ಮ ಚೆನ್ನೈನ ಹೊರಗೆ, ಚೆಂಗಲ್ಪಟ್ಟು ಬಳಿಯ ಮಹೀಂದ್ರಾ ವರ್ಲ್ಡ್ ಸಿಟಿಯಲ್ಲಿ. ತಾಂಬರಂ ದಾಟಿ ದಕ್ಷಿಣಕ್ಕೆ ಹೋಗುವ ಆ ಹೆದ್ದಾರಿಯನ್ನು ಇಲ್ಲಿನವರು ಜಿಎಸ್‌ಟಿ ರಸ್ತೆ ಎನ್ನುತ್ತಾರೆ. ತೆರಿಗೆ ಬರುವ ಎಷ್ಟೋ ಮೊದಲಿನಿಂದ ಇರುವ ಹೆಸರು ಅದು, ಗ್ರ್ಯಾಂಡ್ ಸದರ್ನ್ ಟ್ರಂಕ್ ರೋಡ್. ಆ ರಸ್ತೆಯ ಇಕ್ಕೆಲದಲ್ಲಿ ಮತ್ತು ಒಳಭಾಗದ ಒರಗಡಂ, ಶ್ರೀಪೆರುಂಬುದೂರು ಕಡೆ ನನ್ನಂಥ ಸಾವಿರಾರು ಜನರ ಅನ್ನವಿದೆ. ನಾನಿರುವುದು ಎಂಜಿನ್ನಿನ ಒಳಗೆ ಕೂರುವ ಉಕ್ಕಿನ ಸಣ್ಣ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ. ಬಿಎಂಡಬ್ಲ್ಯು ನಮ್ಮ ಗಿರಾಕಿಯಲ್ಲ. ಆದರೂ ಈ ಒಂದು ಕಾರಿನ ಕತೆಯನ್ನು ಹಿಂದಿನಿಂದ ನೋಡಿಕೊಂಡು ಬಂದರೆ ನಮ್ಮ ರಸ್ತೆಗೆ ಮುಂದೆ ಏನು ಬರಬಹುದು ಎಂಬುದು ಸ್ವಲ್ಪ ಕಾಣುತ್ತದೆ.

1959ರಲ್ಲಿ ಬಿಎಂಡಬ್ಲ್ಯು ಮುಳುಗುವ ಸ್ಥಿತಿಯಲ್ಲಿತ್ತು. ಒಂದು ಕಡೆ ಸಿರಿವಂತರಿಗೆ ದುಬಾರಿ ವಿ8 ಕಾರು, ಇನ್ನೊಂದು ಕಡೆ ಇಸೆಟ್ಟಾ ಎಂಬ ಮೊಟ್ಟೆಯಂಥ ಪುಟ್ಟ ಬಂಡಿ. ನಡುವಿನವರಿಗೆ ಕೊಡಲು ಅವರ ಬಳಿ ಏನೂ ಇರಲಿಲ್ಲ. ಡಿಸೆಂಬರಿನ ಷೇರುದಾರರ ಸಭೆಯಲ್ಲಿ ಕಂಪನಿಯನ್ನು ಡೈಮ್ಲರ್-ಬೆಂಜ್‌ಗೆ ಒಪ್ಪಿಸುವ ಪ್ರಸ್ತಾವ ಬಂದಾಗ ಸಣ್ಣ ಷೇರುದಾರರು ಮತ್ತು ಡೀಲರ್‌ಗಳು ಗಲಾಟೆ ಎಬ್ಬಿಸಿ ತಡೆದರು. ಹರ್ಬರ್ಟ್ ಕ್ವಾಂಟ್ ಹಣ ಹಾಕಿದರು. ಆ ಹಣದಿಂದ ಹುಟ್ಟಿದ ಮಧ್ಯಮ ಗಾತ್ರದ ಕಾರುಗಳ ಸಾಲಿಗೆ ‘ನೊಯೆ ಕ್ಲಾಸೆ’, ಅಂದರೆ ಹೊಸ ವರ್ಗ ಎಂದು ಹೆಸರಿಟ್ಟರು. 1966ರಲ್ಲಿ ಅದನ್ನೇ ಚಿಕ್ಕದು ಮಾಡಿ ಎರಡು ಬಾಗಿಲಿನ 1602 ತಂದರು, 1968ರಲ್ಲಿ 2002 ಬಂತು. ಚಿಕ್ಕ ಕಾರು, ಗಟ್ಟಿ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. 3 ಸೀರೀಸ್‌ನ ಬೀಜ ಇದೇ.

ಈ 1602ರ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆಂದು ಬಿಎಂಡಬ್ಲ್ಯು ಎರಡು 1602 ಕಾರುಗಳ ಎಂಜಿನ್ ತೆಗೆದು ಬ್ಯಾಟರಿ ಕೂರಿಸಿತು. ಮ್ಯಾರಥಾನ್ ಓಟಗಾರರ ಮುಂದೆ ಹೊಗೆ ಬಿಡದೆ ಸಾಗಲು ಅವು ಬೇಕಿದ್ದವು. ನಮ್ಮ ಮನೆಯ ಇನ್ವರ್ಟರಿಗೆ ಹಾಕುವಂಥ ಸೀಸದ ಬ್ಯಾಟರಿಗಳು, ಒಟ್ಟು 350 ಕಿಲೋ ತೂಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿಸಿದರೆ ಸುಮಾರು 60 ಕಿ.ಮೀ. ದೂರ. ತಾಂಬರಂನಿಂದ ಹೊರಟರೆ ಮದುರಾಂತಕಂ ಮುಟ್ಟಬಹುದು, ವಾಪಸು ಬರಲಾಗದು. ಅದನ್ನು ಅಲ್ಲಿಗೇ ಬಿಟ್ಟರು. ಈಗ ಅರ್ಧ ಶತಮಾನದ ನಂತರ ಅದೇ ಕಂಪನಿ ಅದೇ ‘ನೊಯೆ ಕ್ಲಾಸೆ’ ಹೆಸರನ್ನು ಕಪಾಟಿನಿಂದ ತೆಗೆದು ಪೂರ್ತಿ ವಿದ್ಯುತ್ ಕಾರುಗಳಿಗೆ ಇಟ್ಟಿದೆ. ಅದರ ಮೊದಲ ಕಾರು ಐಎಕ್ಸ್3, ಕಳೆದ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಬಂತು. ಯುರೋಪಿನ ಪರೀಕ್ಷಾ ಕ್ರಮದಲ್ಲಿ ಒಂದು ಚಾರ್ಜಿಗೆ 805 ಕಿ.ಮೀ.ವರೆಗೆ.

1975ರಲ್ಲಿ ಮೊದಲ 3 ಸೀರೀಸ್ ಬಂತು. ಕಂಪನಿಯ ಒಳಗಿನ ಸಂಕೇತ ಇ21. ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ಆರಿರಲಿಲ್ಲ, ದೊಡ್ಡ ಕಾರು ಕೊಳ್ಳಲು ಜನ ಹೆದರುತ್ತಿದ್ದ ಕಾಲ. ಡ್ಯಾಶ್‌ಬೋರ್ಡಿನ ನಡುಭಾಗವನ್ನು ಓಡಿಸುವವನ ಕಡೆಗೆ ತುಸು ತಿರುಗಿಸಿದ್ದು ಅದರ ಗುರುತು. ಪಕ್ಕದಲ್ಲಿ ಕೂತವರಲ್ಲ, ಹಿಂದೆ ಕೂತವರಲ್ಲ, ಸ್ಟೀರಿಂಗ್ ಹಿಡಿದವನೇ ಯಜಮಾನ ಎಂಬುದು ಆ ಕಾರಿನ ನಂಬಿಕೆ. ಇದನ್ನು ನೆನಪಿಟ್ಟುಕೊಳ್ಳಿ, ಭಾರತಕ್ಕೆ ಬಂದಾಗ ಈ ನಂಬಿಕೆಗೆ ಏನಾಯಿತು ಎಂದು ಮುಂದೆ ಹೇಳುತ್ತೇನೆ. ಇ21ಕ್ಕೆ ಎರಡೇ ಬಾಗಿಲು, ಆದರೂ 1983ರ ಹೊತ್ತಿಗೆ 13 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು.

ಎರಡನೆಯದು ಇ30, 1982ರ ಕೊನೆಗೆ. ನನ್ನ ಮಟ್ಟಿಗೆ ಈ ವಂಶದ ನಿಜವಾದ ಹಿರಿಯ ಇದೇ. ಅದೇ ವರ್ಷ ಮರ್ಸಿಡಿಸ್ ತನ್ನ ಚಿಕ್ಕ 190 ಮಾದರಿ ತಂದು ಪೈಪೋಟಿಗಿಳಿಯಿತು. ಮುಂದೆ ಸಿ-ಕ್ಲಾಸ್ ಆದದ್ದು ಅದು. ಪೈಪೋಟಿ ಬಂದದ್ದರಿಂದ ಇ30 ಸುಮ್ಮನೆ ಕೂರುವಂತಿರಲಿಲ್ಲ. ನಾಲ್ಕು ಬಾಗಿಲು ಬಂತು, ಡೀಸೆಲ್ ಬಂತು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿ ಬಂತು, ರೇಸಿನ ನಿಯಮಕ್ಕಾಗಿಯೇ ಮಾಡಿದ ಎಂ3 ಬಂತು. ಹಿಂದೆ ಸಾಮಾನಿಗೆ ಜಾಗವಿರುವ ‘ಟೂರಿಂಗ್’ ಬಂದ ಕತೆ ಚೆನ್ನಾಗಿದೆ. ಮ್ಯಾಕ್ಸ್ ರೈಸ್‌ಬಾಕ್ ಎಂಬ ಬಿಎಂಡಬ್ಲ್ಯು ತಂತ್ರಜ್ಞನಿಗೆ ಮಕ್ಕಳು ಮರಿ, ಲಗೇಜು ಕಟ್ಟಿಕೊಂಡು ರಜೆಗೆ ಹೋಗಲು ತನ್ನ ಕಂಪನಿಯ ಕಾರು ಸಾಲುತ್ತಿರಲಿಲ್ಲ. ಅಪಘಾತವಾದ ಒಂದು 323ಐ ಕೊಂಡು, ಗೆಳೆಯನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಕೂತು, ಹಿಂಭಾಗ ಕತ್ತರಿಸಿ, ಛಾವಣಿ ಉದ್ದ ಮಾಡಿ ಬೆಸೆದ. ಮೇಲಿನವರು ನೋಡಿದರು, ಮೆಚ್ಚಿದರು, ಕಾರನ್ನು ಇಟ್ಟುಕೊಂಡರು. 1987ರಲ್ಲಿ ಅದೇ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂತು. ನಮ್ಮ ಟೂಲ್ ರೂಮಿನಲ್ಲೂ ಇಂಥ ಕೈಗಳಿವೆ. ಅವರು ಮಾಡಿದ್ದನ್ನು ಮೇಲಿನವರು ಬಂದು ನೋಡುವುದು ಮಾತ್ರ ಅಪರೂಪ.

1990ರ ಇ36, 1998ರ ಇ46ಗಳ ಬಗ್ಗೆ ಕಾರುಪ್ರೇಮಿಗಳು ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ಬೇಗ ದಾಟುತ್ತೇನೆ. ಇ36ರ ಕಾಲದಲ್ಲಿ, 1994ರಲ್ಲಿ, ಅಮೆರಿಕದ ಸ್ಪಾರ್ಟನ್‌ಬರ್ಗ್‌ನಲ್ಲಿ ಬಿಎಂಡಬ್ಲ್ಯು ಕಾರ್ಖಾನೆ ತೆರೆಯಿತು. ಅಲ್ಲಿಂದ ಹೊರಬಂದ ಮೊದಲ ಕಾರು 318ಐ. ಇ46 ಈ ವಂಶದ ಉತ್ತುಂಗ: 2002ರ ಒಂದೇ ವರ್ಷದಲ್ಲಿ 5.5 ಲಕ್ಷಕ್ಕೂ ಹೆಚ್ಚು ಮಾರಾಟ. ಆಮೇಲೆ ಯಾವ 3 ಸೀರೀಸ್ ಕೂಡ ಅಷ್ಟು ಎತ್ತರದಲ್ಲಿ ನಿಲ್ಲಲಿಲ್ಲ. ಕಾರು ಕೆಟ್ಟಿತು ಎಂದಲ್ಲ, ಜನ ಎತ್ತರದ ಗಾಡಿ ಕೇಳತೊಡಗಿದರು. ಭಾರತದಲ್ಲೇ ನೋಡಿ, 2024-25ರಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಶೇ 65ರಷ್ಟು ಯುಟಿಲಿಟಿ ವರ್ಗದವು. ಮುಂದೆ ಬಾನೆಟ್, ಹಿಂದೆ ಡಿಕ್ಕಿ ಇರುವ ಸೆಡಾನ್ ಈಗ ಅಲ್ಪಸಂಖ್ಯಾತ.

ಐದನೆಯದು ಇ90, 2005ರದ್ದು. ಅದು 2007ರ ಮಾರ್ಚಿನಲ್ಲಿ ನಮ್ಮ ಜಿಎಸ್‌ಟಿ ರಸ್ತೆಗೆ ಬಂತು. ಚೆನ್ನೈ ಕಾರ್ಖಾನೆ ಶುರುವಾದದ್ದೇ 3 ಮತ್ತು 5 ಸೀರೀಸ್‌ನಿಂದ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ‘ಭಾರತದಲ್ಲಿ ತಯಾರಿ’ ಎಂಬ ಮಾತಿನ ಒಳಗೆ ಏನೇನಿದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾರು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬರುತ್ತದೆ. ಇಲ್ಲಿ ಜೋಡಿಸುತ್ತಾರೆ, ಪರೀಕ್ಷಿಸುತ್ತಾರೆ, ಕಳಿಸುತ್ತಾರೆ. ಪೂರ್ತಿ ಕಾರಿಗೆ ಶೇ 100ಕ್ಕೂ ಮೀರಿದ ಸುಂಕ ಇದ್ದರೆ ಇಂಥ ಬಿಡಿ ಕಿಟ್‌ಗೆ ಅದರ ಒಂದು ಸಣ್ಣ ಪಾಲು ಮಾತ್ರ. 2018ರ ಬಜೆಟ್ಟಿನಿಂದ ಅದು ಶೇ 15. ಈ ಎರಡು ಅಂಕಿಗಳ ನಡುವಿನ ಅಂತರವೇ ಆ ಕಾರ್ಖಾನೆಯ ಅಡಿಪಾಯ. ಸಿಮೆಂಟು, ಕಬ್ಬಿಣ ಆಮೇಲಿನದು.

2011ರ ಬಜೆಟ್ಟಿನಲ್ಲಿ ಸರ್ಕಾರ ಒಂದು ತಿರುವು ಕೊಟ್ಟಿತು. ಎಂಜಿನ್ ಅಥವಾ ಗೇರ್‌ಬಾಕ್ಸ್ ಮೊದಲೇ ಜೋಡಿಸಿಕೊಂಡು ತಂದರೆ ಅದು ಅಪ್ಪಟ ಕಿಟ್ ಅಲ್ಲ, ಅದಕ್ಕೆ ಹೆಚ್ಚು ಸುಂಕ ಎಂದಿತು. ಕಂಪನಿಗಳು ಗೊಣಗಿದವು, ಲೆಕ್ಕ ಹಾಕಿದವು. ಪರಿಣಾಮ 2015ರಲ್ಲಿ ಕಂಡಿತು. ಬಿಎಂಡಬ್ಲ್ಯು ತನ್ನ ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಣೆಯನ್ನು ಪುಣೆ ಮೂಲದ ಫೋರ್ಸ್ ಮೋಟರ್ಸ್‌ಗೆ ಕೊಟ್ಟಿತು, ಅವರು ಅದಕ್ಕಾಗಿ ಚೆನ್ನೈನಲ್ಲೇ ಘಟಕ ತೆರೆದರು. ಆಕ್ಸಲ್, ವೈರಿಂಗ್, ಸೀಟು, ಎಸಿ, ಎಕ್ಸಾಸ್ಟ್ ಒಂದೊಂದನ್ನೂ ಸುತ್ತಮುತ್ತಲ ಘಟಕಗಳಿಂದ ತೆಗೆದುಕೊಂಡು ಸ್ಥಳೀಯ ಪಾಲು ಶೇ 50ರವರೆಗೆ ಏರಿತು ಎಂದು ಕಂಪನಿ ಹೇಳಿಕೊಂಡಿತು. ಬಜೆಟ್ ಭಾಷಣದ ಒಂದು ಸಾಲು ನಾಲ್ಕು ವರ್ಷದಲ್ಲಿ ನಮ್ಮ ಕಡೆಯ ಡಿಪ್ಲೊಮಾ ಹುಡುಗರ ಕೈಗೆ ಟಾರ್ಕ್ ವ್ರೆಂಚ್ ಕೊಟ್ಟ ಬಗೆ ಇದು. ಸುಂಕ ಎಂದರೆ ಬೆಲೆ ಏರಿಸುವ ಪಿಡುಗು ಎಂದಷ್ಟೇ ನೋಡುವವರು ಈ ಭಾಗ ಮರೆಯುತ್ತಾರೆ. ಹಾಗೆಂದು ಅದನ್ನು ಹೊಗಳಿ ಕೂರುವುದೂ ಸರಿಯಲ್ಲ. ಚೆನ್ನೈ ಕಾರ್ಖಾನೆ ತನ್ನ 1 ಲಕ್ಷದ ಕಾರನ್ನು ಹೊರತಂದದ್ದು 2021ರಲ್ಲಿ, ಅಂದರೆ ಹದಿನಾಲ್ಕು ವರ್ಷಕ್ಕೆ. ಮ್ಯೂನಿಕ್‌ನ ಮೂಲ ಕಾರ್ಖಾನೆ ದಿನಕ್ಕೆ ಸುಮಾರು 1000 ಕಾರು ಮಾಡುತ್ತದೆ. ಹದಿನಾಲ್ಕು ವರ್ಷದ ನಮ್ಮ ಕೆಲಸ ಅವರಿಗೆ ನಾಲ್ಕೈದು ತಿಂಗಳದ್ದು.

ಕಾರಿನ ಹಣೆಬರಹವನ್ನು ಸರ್ಕಾರ, ಕೋರ್ಟು ಬರೆಯುವುದಕ್ಕೆ ಇನ್ನೊಂದು ಉದಾಹರಣೆ ಆರನೆಯ ತಲೆಮಾರಿನ ಎಫ್30ರದ್ದು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 2000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮುಂದಿನ ಆಗಸ್ಟಿನವರೆಗೂ ಆ ತಡೆ ಇತ್ತು. ಮರ್ಸಿಡಿಸ್‌ನ ಆಗಿನ ಡೀಸೆಲ್ ಎಂಜಿನ್ 2143 ಸಿಸಿ, ಹಾಗಾಗಿ ಸಿಕ್ಕಿಬಿತ್ತು. ಬಿಎಂಡಬ್ಲ್ಯು 320ಡಿ 1995 ಸಿಸಿ, ಹಾಗಾಗಿ ಪಾರಾಯಿತು. ಐದು ಸಿಸಿ ಎಂದರೆ ಒಂದು ಟೀ ಚಮಚ. ಹೊಗೆಯಲ್ಲಿ ಏನು ವ್ಯತ್ಯಾಸವಿತ್ತೋ, ಮಾರಾಟದಲ್ಲಿ ಮಾತ್ರ ಇತ್ತು.

ಈಗಿನದು ಏಳನೆಯದು, ಜಿ20. 2019ರಲ್ಲಿ ಭಾರತಕ್ಕೆ ಬಂತು. 2021ರ ಜನವರಿಯಲ್ಲಿ ಅದರ ‘ಗ್ರ್ಯಾನ್ ಲಿಮೊಸಿನ್’ ಎಂಬ ಉದ್ದನೆಯ ಮಾದರಿ ಬಂತು. ಚಕ್ರಗಳ ನಡುವಿನ ಅಂತರ 110 ಮಿ.ಮೀ. ಹೆಚ್ಚು. ಆ ಉದ್ದ ಹೆಚ್ಚಿಸಿರುವುದು ಹಿಂದಿನ ಸೀಟಿನವರ ಮೊಣಕಾಲಿಗಾಗಿ. ಓಡಿಸುವವನೇ ಯಜಮಾನ ಎಂದು 1975ರಲ್ಲಿ ಹುಟ್ಟಿದ ಕಾರು ಚೀನಾ ಮತ್ತು ಭಾರತಕ್ಕೆ ಬಂದು, ಯಜಮಾನ ಹಿಂದೆ ಕೂರುತ್ತಾನೆ ಎಂದು ಕಲಿಯಿತು. ಮೊದಲು ನಗು ಬಂತು ನನಗೆ. ಆಮೇಲೆ ಅನ್ನಿಸಿತು, ಇದರಲ್ಲಿ ಕಂಪನಿಯ ಜಾಣತನವಿದೆ, ನಮ್ಮ ಸಮಾಜದ ಸತ್ಯವೂ ಇದೆ. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಸಾವಿರಕ್ಕೆ ಡ್ರೈವರ್ ಸಿಗುವ ಊರಿನಲ್ಲಿ ಅರವತ್ತು ಲಕ್ಷದ ಕಾರನ್ನು ತಾನೇ ಓಡಿಸುವವನು ಶೋಕಿಲಾಲ. ಭಾವ ಆ ಶೋಕಿಲಾಲರ ಪೈಕಿ, ಆಗುಂಬೆ ಘಾಟಿಯಲ್ಲಿ ಸ್ಟೀರಿಂಗ್ ಬೇರೆಯವರಿಗೆ ಕೊಡುವವನಲ್ಲ.

ಈಗ ಅವನ ಪ್ರಶ್ನೆಗೆ ಬರೋಣ. ಬೆಲೆಯನ್ನು ನಿಜಕ್ಕೂ ಅಲುಗಾಡಿಸಿದ್ದು ಒಪ್ಪಂದವಲ್ಲ, ಕಳೆದ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ. ಅದಕ್ಕೆ ಮೊದಲು ಇಂಥ ದೊಡ್ಡ ಸೆಡಾನ್‌ಗೆ ಶೇ 28 ತೆರಿಗೆ, ಮೇಲೆ ಶೇ 20 ಸೆಸ್, ಒಟ್ಟು ಶೇ 48. ಈಗ ಸೆಸ್ ಹೋಗಿ ಒಂದೇ ದರ, ಶೇ 40. ತೆರಿಗೆಗೆ ಮುಂಚಿನ ಬೆಲೆ 40 ಲಕ್ಷ ಎಂದಿಟ್ಟುಕೊಂಡರೆ ಮೊದಲು 59.2 ಲಕ್ಷ ಆಗುತ್ತಿತ್ತು, ಈಗ 56 ಲಕ್ಷ. 3.2 ಲಕ್ಷ ಉಳಿಯಿತು. ಅದೇ 40 ಲಕ್ಷದ ವಿದ್ಯುತ್ ಕಾರಿಗೆ ಶೇ 5 ಮಾತ್ರ, 42 ಲಕ್ಷ. ಮೊದಲು ಎರಡರ ನಡುವೆ 17 ಲಕ್ಷದ ಅಂತರವಿತ್ತು, ಈಗ 14ಕ್ಕೆ ಇಳಿದಿದೆ. ಮೇಲೆ ಕರ್ನಾಟಕದ ಆಜೀವ ತೆರಿಗೆ: 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಅಂದರೆ ಇನ್ನೊಂದು ಹತ್ತು ಲಕ್ಷ. ವಿದ್ಯುತ್ ಕಾರಿಗೆ ಇದ್ದ ಪೂರ್ತಿ ವಿನಾಯಿತಿ ಹೋಗಿ, 25 ಲಕ್ಷ ಮೀರಿದವಕ್ಕೆ 2024ರಿಂದ ಶೇ 10 ಇದೆ. ಭಾವನಂಥವರ ತಲೆ ತಿರುಗುವುದು ಸಹಜ. ಆದರೂ 2025ರ ಜನವರಿಯಲ್ಲಿ ಚೆನ್ನೈನಲ್ಲೇ ಜೋಡಿಸಿದ ಐಎಕ್ಸ್1 ಉದ್ದನೆ ಮಾದರಿಯನ್ನು ಬಿಎಂಡಬ್ಲ್ಯು 49 ಲಕ್ಷಕ್ಕೆ ತಂದಾಗ ಆಟ ಬದಲಾಯಿತು. 3 ಸೀರೀಸ್ ಪೆಟ್ರೋಲಿಗಿಂತ ಅದೇ ಕಂಪನಿಯ ವಿದ್ಯುತ್ ಕಾರು ಹತ್ತು ಲಕ್ಷಕ್ಕೂ ಹೆಚ್ಚು ಅಗ್ಗ. ಕಾರಣ ಬ್ಯಾಟರಿಯ ಬೆಲೆಯಲ್ಲ, ತೆರಿಗೆಯ ಕೋಷ್ಟಕ.

ಒಪ್ಪಂದ ಜಾರಿಯಾದರೆ ಏನಾಗಬಹುದು? ಪೂರ್ತಿ ಕಾರಿನ ಸುಂಕ ಶೇ 110ರಿಂದ ಇಳಿಯುತ್ತಾ ಹೋದಂತೆ ಕಿಟ್‌ನ ಶೇ 15ರ ಜೊತೆಗಿನ ಅಂತರ ಕರಗುತ್ತದೆ. ಮೊದಲು ಹೇಳಿದ ಅಡಿಪಾಯ ಅದೇ. ವರ್ಷಕ್ಕೆ ನೂರಿನ್ನೂರು ಮಾರಾಟವಾಗುವ ಮಾದರಿಯನ್ನು ಇಲ್ಲಿ ಜೋಡಿಸುವ ಅಗತ್ಯ ಮೊದಲು ಹೋಗುತ್ತದೆ. ಹೆಚ್ಚು ಮಾರಾಟವಾಗುವವು ಕೆಲಕಾಲ ಉಳಿಯುತ್ತವೆ, ಏಕೆಂದರೆ ಗ್ರ್ಯಾನ್ ಲಿಮೊಸಿನ್‌ನಂಥ ಬಲಗೈ ಸ್ಟೀರಿಂಗಿನ ಉದ್ದ ಕಾರನ್ನು ಯುರೋಪಿನವರು ತಮಗಾಗಿ ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮಾತು: ಜರ್ಮನ್ ಲಾಂಛನ ಇದ್ದ ಮಾತ್ರಕ್ಕೆ ಕಾರು ಯುರೋಪಿನದಾಗುವುದಿಲ್ಲ. ಎಂ2 ಮೆಕ್ಸಿಕೊದ್ದು, ಎಕ್ಸ್5 ಅಮೆರಿಕದ್ದು. ಮೂಲ ಎಲ್ಲಿಯದು ಎಂಬ ನಿಯಮದಲ್ಲಿ ಅವಕ್ಕೆ ಈ ರಿಯಾಯಿತಿ ಸಿಗದು. ಶೋರೂಮಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ರಕ್ಷಣೆಯ ಗೋಡೆ ಇಳಿಸಿದಾಗ ಕಾರು ಉದ್ಯಮಕ್ಕೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಎರಡು ಬಗೆಯ ಉತ್ತರಗಳಿವೆ. ಒಂದು ಆಸ್ಟ್ರೇಲಿಯಾ. 1980ರ ದಶಕದಲ್ಲಿ ಶೇ 57.5 ಇದ್ದ ಸುಂಕವನ್ನು 2010ರ ಹೊತ್ತಿಗೆ ಶೇ 5ಕ್ಕೆ ತಂದರು. 2017ರ ಅಕ್ಟೋಬರಿನಲ್ಲಿ ಕೊನೆಯ ಕಾರು ಕಾರ್ಖಾನೆ ಬಾಗಿಲು ಹಾಕಿತು. ಇನ್ನೊಂದು ದಕ್ಷಿಣ ಆಫ್ರಿಕಾ, ಇದು ನೇರವಾಗಿ ನಮ್ಮ 3 ಸೀರೀಸ್ ಕತೆಯೇ. ಪ್ರಿಟೋರಿಯಾ ಬಳಿಯ ರೊಸ್ಲಿನ್, ಜರ್ಮನಿಯ ಹೊರಗಿನ ಬಿಎಂಡಬ್ಲ್ಯುವಿನ ಮೊದಲ ಕಾರ್ಖಾನೆ. ಅಲ್ಲಿಯೂ ಮೊದಲು ಎತ್ತರದ ಸುಂಕದ ನೆರಳಿನಲ್ಲಿ ಸ್ಥಳೀಯ ಮಾರುಕಟ್ಟೆಗೆ ಅಷ್ಟಿಷ್ಟು ಜೋಡಣೆ ನಡೆಯುತ್ತಿತ್ತು. 1995ರಲ್ಲಿ ಅಲ್ಲಿನ ಸರ್ಕಾರ ಸುಂಕ ಇಳಿಸುವ ದಾರಿ ಹಿಡಿದಾಗ ಜೊತೆಗೇ ಒಂದು ಕೊಕ್ಕೆ ಇಟ್ಟಿತು: ಎಷ್ಟು ರಫ್ತು ಮಾಡುತ್ತೀರೋ ಅದಕ್ಕೆ ತಕ್ಕಂತೆ ಆಮದಿನಲ್ಲಿ ರಿಯಾಯಿತಿ. ಕಾರ್ಖಾನೆ ನಾಲ್ಕಾರು ಮಾದರಿ ಬಿಟ್ಟು 3 ಸೀರೀಸ್ ಒಂದನ್ನೇ ಹಿಡಿಯಿತು, ಜಗತ್ತಿಗೆ ಮಾರಲು ಶುರುಮಾಡಿತು. ಅಮೆರಿಕದಲ್ಲಿ ಓಡಿದ ಎಷ್ಟೋ ಇ46, ಇ90ಗಳು ಆಫ್ರಿಕಾದಲ್ಲಿ ತಯಾರಾದವು. ಐದು ತಲೆಮಾರು, 35 ವರ್ಷ, 12 ಲಕ್ಷದ ಹತ್ತಿರ ಕಾರುಗಳಾದ ಮೇಲೆ 2018ರಲ್ಲಿ ಅಲ್ಲಿ 3 ಸೀರೀಸ್ ನಿಲ್ಲಿಸಿ ಎಕ್ಸ್3 ತಂದರು. ಕಾರು ಬದಲಾಯಿತು, ಕೆಲಸ ಉಳಿಯಿತು.

ನಮ್ಮ ಒಪ್ಪಂದದ ಚರ್ಚೆಯಲ್ಲಿ ಈ ಕೊಕ್ಕೆಯ ಮಾತು ನನಗೆ ಸಾಕಷ್ಟು ಕೇಳಿಸುತ್ತಿಲ್ಲ. ವೈನ್ ಎಷ್ಟು ಅಗ್ಗ, ಕಾರು ಎಷ್ಟು ಅಗ್ಗ ಎಂಬ ಲೆಕ್ಕ ಮಾತ್ರ ಟಿವಿಯಲ್ಲಿ. ಜವಳಿ, ಚರ್ಮದವರಿಗೆ ಯುರೋಪಿನ ಬಾಗಿಲು ತೆರೆಯುತ್ತದೆ, ಅದು ತಿರುಪ್ಪೂರು, ಆಂಬೂರಿಗೆ ದೊಡ್ಡ ಸುದ್ದಿ, ಒಪ್ಪುತ್ತೇನೆ. ಬಿಡಿಭಾಗ ಮಾಡುವ ನಮ್ಮಂಥವರಿಗೂ ಅಲ್ಲಿ ಅವಕಾಶವಿದೆ ಎಂದು ಉದ್ಯಮ ಸಂಘಗಳು ಹೇಳುತ್ತಿವೆ. ಆದರೆ ಯಾವ ಭಾಗ ಎಂಬುದೇ ಪ್ರಶ್ನೆ.

ಏಕೆಂದರೆ ಮ್ಯೂನಿಕ್‌ನಲ್ಲಿ ಇನ್ನೊಂದು ದೊಡ್ಡ ತಿರುವು ಆಗುತ್ತಿದೆ. 1975ರಿಂದ ಪ್ರತಿ ತಲೆಮಾರಿನ 3 ಸೀರೀಸ್ ಹುಟ್ಟಿದ, ಊರ ನಡುವೆಯೇ ಇರುವ ಆ ಹಳೆಯ ಕಾರ್ಖಾನೆ 2027ರ ಕೊನೆಯಿಂದ ವಿದ್ಯುತ್ ಕಾರು ಮಾತ್ರ ಮಾಡಲಿದೆ. 2024ರ ಜನವರಿಯಲ್ಲೇ ಕಂಪನಿ ಇದನ್ನು ಹೇಳಿತ್ತು. 65 ಕೋಟಿ ಯೂರೊ ಹಾಕಿ, ಎಂಜಿನ್ ತಯಾರಾಗುತ್ತಿದ್ದ ಕಟ್ಟಡಗಳನ್ನು ಕೆಡವಿ, ಅಲ್ಲಿ ಹೊಸ ಜೋಡಣಾ ಅಂಗಳ ಕಟ್ಟಿದ್ದಾರೆ. ಬವೇರಿಯಾದ ಮೋಟಾರು ಕಾರ್ಖಾನೆ ಎಂಬುದೇ ಬಿಎಂಡಬ್ಲ್ಯು ಎಂಬ ಹೆಸರಿನ ಅರ್ಥ. ಆ ಮನೆಯ ಎಂಜಿನ್ ಕೆಲಸ ಈಗ ಆಸ್ಟ್ರಿಯಾದ ಸ್ಟೈಯರ್ ಮತ್ತು ಇಂಗ್ಲೆಂಡಿನ ಹ್ಯಾಮ್ಸ್ ಹಾಲ್‌ಗೆ ಹೋಗಿದೆ. ಎಂಟನೆಯ ತಲೆಮಾರಿನಲ್ಲಿ ಎರಡು ಕಾರುಗಳಿರುತ್ತವೆ: ಮ್ಯೂನಿಕ್‌ನಲ್ಲಿ ಈ ವರ್ಷ ತಯಾರಿ ಆರಂಭವಾಗಲಿರುವ ನೊಯೆ ಕ್ಲಾಸೆಯ ವಿದ್ಯುತ್ ಸೆಡಾನ್, ಮತ್ತು ಎಂಜಿನ್ ಇರುವ 3 ಸೀರೀಸ್ ಬೇರೆ ಕಡೆ. 2035ರ ನಂತರ ಹೊಗೆ ಬಿಡುವ ಹೊಸ ಕಾರು ಬೇಡ ಎಂದಿದ್ದ ಐರೋಪ್ಯ ಆಯೋಗ ಕಳೆದ ಡಿಸೆಂಬರಿನಲ್ಲಿ ಶೇ 100ರ ಬದಲು ಶೇ 90 ಕಡಿತ ಸಾಕು ಎಂದು ಮೆತ್ತಗಾಗಿರುವುದರಿಂದ, ಎರಡು ದೋಣಿಯಲ್ಲಿ ಕಾಲಿಟ್ಟದ್ದು ಸರಿಯಾಯಿತು ಎಂದು ಬಿಎಂಡಬ್ಲ್ಯು ಈಗ ಬೀಗುತ್ತಿದೆ. ಆದರೆ ಚೀನಾದಲ್ಲಿ 2024ರಲ್ಲಿ ಅದರ ಮಾರಾಟ ಶೇ 13ರಷ್ಟು ಕುಸಿದದ್ದು ಎಂಜಿನ್ ಕೊರತೆಯಿಂದಲ್ಲ. ಅಲ್ಲಿನವರೇ ಮಾಡಿದ ವಿದ್ಯುತ್ ಕಾರುಗಳ ಮುಂದೆ ಜರ್ಮನ್ ಲಾಂಛನದ ಬೆಲೆ ಇಳಿಯಿತು.

ಮ್ಯೂನಿಕ್‌ನ ಎಂಜಿನ್ ವಿಭಾಗದವರಿಗೆ ಏನಾಯಿತು ಎಂಬುದು ನನ್ನ ಕುತೂಹಲ. ಅವರನ್ನು ಮನೆಗೆ ಕಳಿಸಲಿಲ್ಲ. ತರಬೇತಿ ಕೊಟ್ಟು ಬೇರೆ ಕೆಲಸಕ್ಕೆ, ಬೇರೆ ಕಾರ್ಖಾನೆಗೆ ಹಾಕಿದರು. ಇದು ಮಾಲೀಕರ ಕರುಣೆ ಎಂದು ನಾನು ತಿಳಿದಿಲ್ಲ. 1976ರ ಜರ್ಮನ್ ಕಾಯ್ದೆಯಂತೆ ಎರಡು ಸಾವಿರಕ್ಕೂ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕಾರ್ಮಿಕರ ಪ್ರತಿನಿಧಿಗಳದ್ದು. ಎಂಜಿನ್ ಎಲ್ಲಿಗೆ ಹೋಗುತ್ತದೆ, ಯಾವಾಗ ಹೋಗುತ್ತದೆ ಎಂಬುದು ಅವರಿಗೆ ವರ್ಷಗಳ ಮೊದಲೇ ಗೊತ್ತಿತ್ತು, ಅದರ ಬಗ್ಗೆ ಕೂತು ಜಗಳವಾಡುವ ಮೇಜೂ ಇತ್ತು. ನಮ್ಮ ಕಡೆ ಬಿಡಿಭಾಗದ ಕಾರ್ಖಾನೆಗಳಲ್ಲಿ ಕೈಕೆಲಸದವರಲ್ಲಿ ಗುತ್ತಿಗೆಯವರು, ಅಪ್ರೆಂಟಿಸ್ ಹುಡುಗರೇ ಬಹಳ. ಯಾದಗಿರಿ, ರಾಯಚೂರಿನ ಐಟಿಐ ಹುಡುಗರೂ ಇದ್ದಾರೆ. ಊಟದ ಹೊತ್ತಿನಲ್ಲಿ ಕನ್ನಡ ಕೇಳಿಸಿದರೆ ನಾನು ತಟ್ಟೆ ಹಿಡಿದು ಅವರ ಪಕ್ಕಕ್ಕೆ ಹೋಗುತ್ತೇನೆ. ಅವರಿಗೆ ಆರು ತಿಂಗಳ ಮುಂದಿನದೂ ಗೊತ್ತಿರುವುದಿಲ್ಲ. ಮಹೀಂದ್ರಾ ವರ್ಲ್ಡ್ ಸಿಟಿಗೆ ಸ್ವಲ್ಪ ಮೊದಲೇ ಸಿಗುವ ಮರೈಮಲೈ ನಗರದಲ್ಲಿ ಫೋರ್ಡ್ ಕಾರ್ಖಾನೆ 2022ರಲ್ಲಿ ನಿಂತಾಗ ಅದನ್ನೇ ನೆಚ್ಚಿದ್ದ ಸಣ್ಣ ಘಟಕಗಳ ಗೇಟುಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡಿದ್ದೇವೆ. ಈಗ ಅದೇ ಜಾಗದಲ್ಲಿ ರಫ್ತಿಗೆಂದು ಎಂಜಿನ್ ಮಾಡುವುದಾಗಿ ಫೋರ್ಡ್ ಕಳೆದ ವರ್ಷ ಒಪ್ಪಂದ ಮಾಡಿಕೊಂಡಿದೆ. ಮ್ಯೂನಿಕ್ ಕೈಬಿಟ್ಟ ಬಗೆಯ ಕೆಲಸ ಚೆಂಗಲ್ಪಟ್ಟಿಗೆ ಹೊಸದಾಗಿ ಬರುತ್ತಿದೆ. ಇದು ಅದೃಷ್ಟವೋ, ಬೇರೆಯವರು ಬಿಟ್ಟ ಬಟ್ಟೆಯೋ, ಹತ್ತು ವರ್ಷ ಕಳೆದ ಮೇಲೆ ಗೊತ್ತಾಗಬೇಕು.

ಕರ್ನಾಟಕಕ್ಕೆ ಈ ತಿರುವಿನಲ್ಲಿ ಬೇರೆಯೇ ಪಾಲು ಸಿಕ್ಕಿದೆ. ಬಿಎಂಡಬ್ಲ್ಯು ಮತ್ತು ಟಾಟಾ ಟೆಕ್ನಾಲಜೀಸ್ ಸೇರಿ 2024ರಲ್ಲಿ ಶುರುಮಾಡಿದ ಬಿಎಂಡಬ್ಲ್ಯು ಟೆಕ್‌ವರ್ಕ್ಸ್ ಪುಣೆ, ಚೆನ್ನೈ ಜೊತೆ ಬೆಂಗಳೂರಿನಲ್ಲೂ ಇದೆ. ಅಲ್ಲಿ ನಡೆಯುವುದು ಕಾರಿನ ಸಾಫ್ಟ್‌ವೇರ್ ಕೆಲಸ. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ 1996ರಿಂದಲೇ ಅಲ್ಲಿದೆ, ಬಾಷ್ ಆಡುಗೋಡಿಗೆ ಬಂದು ಮುಕ್ಕಾಲು ಶತಮಾನವಾಯಿತು. ಐಎಕ್ಸ್3ರಲ್ಲಿ ಹತ್ತಾರು ಸಣ್ಣ ಕಂಪ್ಯೂಟರುಗಳ ಕೆಲಸವನ್ನು ನಾಲ್ಕು ದೊಡ್ಡವು ನೋಡಿಕೊಳ್ಳುತ್ತವೆ. ಅಂದರೆ ಕಾರಿನ ಮೌಲ್ಯ ಉಕ್ಕಿನಿಂದ ಸಾಲುಸಾಲು ಕೋಡಿಗೆ ಸರಿಯುತ್ತಿದೆ. ಬೆಂಗಳೂರಿನ ಬಿಇ ಹುಡುಗಿಗೆ ಇದರಲ್ಲಿ ಜಾಗವಿದೆ. ಯಾದಗಿರಿಯ ಐಟಿಐ ಹುಡುಗನ ಜಾಗ ಯಾವುದು ಎಂದು ಎರಡೂ ರಾಜ್ಯಗಳ ಕೈಗಾರಿಕಾ ಇಲಾಖೆಗಳು ಹೇಳಿಲ್ಲ. ಬಂಡವಾಳ ಹೂಡಿಕೆ ಸಮಾವೇಶಗಳಲ್ಲಿ ಕೋಟಿಗಳ ಲೆಕ್ಕ ಬರುತ್ತದೆ, ಈ ಲೆಕ್ಕ ಬರುವುದಿಲ್ಲ. ತರಬೇತಿ ಸಂಸ್ಥೆಗಳಲ್ಲಿ ಫಿಟ್ಟರ್, ಟರ್ನರ್ ಪಾಠದ ಜೊತೆ ಹೈವೋಲ್ಟೇಜ್ ಬ್ಯಾಟರಿ ಮುಟ್ಟುವ ಪಾಠ ಬಾರದೆ ಹೋದರೆ ಆ ಹುಡುಗ ಮುಂದೆಯೂ ಗೇಟಿನ ಹೊರಗೇ.

ಕಳೆದ ಭಾನುವಾರ ಭಾವನಿಗೆ ಇಷ್ಟನ್ನೂ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡ. ‘ಅದೆಲ್ಲ ಸರಿ ಭಾವ, ಕೊನೆಗೆ ಏನು ಮಾಡ್ಲಿ ಹೇಳು’ ಎಂದ. ಪೆಟ್ರೋಲ್ 3 ಸೀರೀಸೇ ಬೇಕೆಂದರೆ ಕಾಯುವುದರಿಂದ ಬಹಳ ಲಾಭವಿಲ್ಲ, ವಿದ್ಯುತ್ ಸೆಡಾನ್ ಬರುವವರೆಗೆ ತಡೆಯುತ್ತೀಯಾದರೆ ಎರಡು ವರ್ಷ ತಡೆ ಎಂದೆ. ‘ಹಾಗಾದ್ರೆ ತಡೀತೀನಿ’ ಎಂದು ಫೋನಿಟ್ಟ. ಸೋಮವಾರ ನಮ್ಮಲ್ಲಿ ಮುಂದಿನ ವರ್ಷದ ಯಂತ್ರ ಖರೀದಿಯ ಸಭೆಯಿತ್ತು. ಎಂಜಿನ್ ಭಾಗದ ಲೈನಿಗೆ ಎರಡು ಹೊಸ ಗ್ರೈಂಡಿಂಗ್ ಯಂತ್ರಗಳ ಪ್ರಸ್ತಾವ, ಅವುಗಳ ಹಿಂದೆ ಇಪ್ಪತ್ತೆರಡು ಅಪ್ರೆಂಟಿಸ್‌ಗಳ ನೇಮಕ. ಒಂದೂವರೆ ಗಂಟೆ ಮಾತಾಯಿತು. ಕೊನೆಗೆ ಆ ಸಾಲಿನ ಮುಂದೆ ನಾನೇ ಬರೆದೆ: ಸದ್ಯಕ್ಕೆ ತಡೆಯುವುದು.